ಬುಲೆಟ್ 350 ಮತ್ತು 500: ಕೇರಳದ ರಸ್ತೆಗಳಲ್ಲಿ

ಬುಲೆಟ್ ಎಂಬುದು ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿ ರೂಪಿಸಿದ, ಒಂಟಿ ಸಿಲಿಂಡರಿನ ಮೋಟಾರ್‌ಸೈಕಲ್. ಹಿಂಬದಿಗೆ ಸಸ್ಪೆನ್ಷನ್ ಇದ್ದ 350 ಮಾದರಿ 1949ರಲ್ಲಿ ತಯಾರಿಕೆಗೆ ಬಂತು. 500 ಅದರ ಹಿಂದೆಯೇ, 1953ರಲ್ಲಿ ಬಂತು. ಭಾರತದಲ್ಲಿ ಮಾತ್ರ ಇವೆರಡರ ನಡುವೆ ಸುಮಾರು ಮೂರೂವರೆ ದಶಕದ ಅಂತರವಿದೆ.

ಭಾರತಕ್ಕೆ ಬಂದದ್ದು

1950ರ ದಶಕದ ಆರಂಭದಲ್ಲಿ ಭಾರತೀಯ ಸೇನೆ ಗಡಿ ಗಸ್ತಿಗಾಗಿ 350 ಮಾದರಿಯ 800 ಗಾಡಿಗಳನ್ನು ತರಿಸಿಕೊಂಡಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು; ಅದರ ಕಾರ್ಖಾನೆ ತಿರುವೊತ್ತಿಯೂರಿನಲ್ಲಿತ್ತು. ಇಂಗ್ಲೆಂಡಿನಲ್ಲಿ ಬುಲೆಟ್ ನಿಂತುಹೋದ ಮೇಲೂ ಇಲ್ಲಿ 350 ಮುಂದುವರಿಯಿತು. ಇಲ್ಲಿ 500 ತಯಾರಾಗಲು 1990ರ ಆಸುಪಾಸು ಬೇಕಾಯಿತು. ಹೀಗಾಗಿ ಕೇರಳದ ಹಿರಿಯ ಸವಾರರ ಪಾಲಿಗೆ ಬುಲೆಟ್ ಎಂದರೆ 350 ಎಂದೇ ಹೇಳಬಹುದು.

ಎಂಜಿನ್ ವ್ಯತ್ಯಾಸ

350ರ ಬೋರ್ 70 ಮಿ.ಮೀ., 500ರದು 84 ಮಿ.ಮೀ. ಸ್ಟ್ರೋಕ್ ಎರಡಕ್ಕೂ 90 ಮಿ.ಮೀ. ಇದರಿಂದ 346 ಮತ್ತು 499 ಸಿಸಿ ಬರುತ್ತದೆ. ಮುಖ್ಯ ಸಂಗತಿ ಇದೇ. ಪಿಸ್ಟನ್ ಏರಿಳಿಯುವ ದೂರ ಒಂದೇ ಆದ್ದರಿಂದ ಒಂದೇ ಸುತ್ತುವೇಗದಲ್ಲಿ ಎರಡರ ಪಿಸ್ಟನ್‌ಗಳೂ ಒಂದೇ ವೇಗದಲ್ಲಿ ಓಡುತ್ತವೆ; ಸ್ಫೋಟದ ಒತ್ತಡ ಬೀಳುವ ಮುಖದ ವಿಸ್ತೀರ್ಣ ಮಾತ್ರ 500ರಲ್ಲಿ ಶೇ. 44ರಷ್ಟು ಹೆಚ್ಚು. ಇದೇ ಅಳತೆಯ ಎಂಜಿನ್ ಇದ್ದ, 2009ರ ನಂತರದ ಕ್ಲಾಸಿಕ್ ಮಾದರಿಗಳ ಅಂಕಿಗಳಲ್ಲಿ ಇದು ಸ್ಪಷ್ಟ: 350ಕ್ಕೆ 19.8 ಅಶ್ವಶಕ್ತಿ ಮತ್ತು 28 ನ್ಯೂಟನ್ ಮೀಟರ್ ಟಾರ್ಕ್, 500ಕ್ಕೆ 27.2 ಮತ್ತು 41.3. ಎರಡೂ ಗರಿಷ್ಠ ಶಕ್ತಿ ಕೊಡುವುದು ನಿಮಿಷಕ್ಕೆ 5250 ಸುತ್ತುಗಳಲ್ಲಿ. ಶಕ್ತಿಗಿಂತ ಎಳೆತ ಹೆಚ್ಚು ಬೆಳೆದಿದೆ; 500ರ ಹಿರಿಮೆಯನ್ನು ವೇಗದಲ್ಲಿ ಹುಡುಕುವವರಿಗೆ ನಿರಾಸೆಯಾದೀತು. ಭಾರವಾದ ಪಿಸ್ಟನ್‌ನಿಂದ ನಡುಕವೂ ಹೆಚ್ಚು. ಕ್ಲಾಸಿಕ್ 500ಕ್ಕೆ ಮೊದಲಿನಿಂದಲೇ ಫ್ಯೂಯೆಲ್ ಇಂಜೆಕ್ಷನ್ ಇತ್ತು, 350 ಬಹುಕಾಲ ಕಾರ್ಬುರೇಟರ್‌ನಲ್ಲೇ ಉಳಿಯಿತು.

ಬೀಡುಕಬ್ಬಿಣದ ಸಿಲಿಂಡರಿನ ಹಳೆಯ ಎಂಜಿನ್‌ನಲ್ಲಿ ವ್ಯತ್ಯಾಸ ಕಾಲಿಗೇ ತಿಳಿಯುತ್ತಿತ್ತು. ಕೀಲಿ ತಿರುಗಿಸಿ, ಆಮೀಟರ್ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರ್ ಅನ್ನು ನಿಧಾನವಾಗಿ ಒತ್ತಬೇಕು; ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದು ಇನ್ನು ಸ್ವಲ್ಪ ದಾಟಿಸಬೇಕು; ಡಿಕಂಪ್ರೆಸರ್ ಬಿಟ್ಟು, ಕಿಕ್ಕರ್ ಮೇಲೆ ಬಂದ ನಂತರ ಪೂರ್ತಿ ಒದೆಯಬೇಕು. 350ರಲ್ಲಿ ಈ ಕ್ರಮ ತಪ್ಪಿದರೂ ಕೆಲವೊಮ್ಮೆ ನಡೆಯುತ್ತದೆ. 500 ಅಷ್ಟು ಉದಾರಿಯಲ್ಲ, ತಿರುಗಿ ಒದ್ದು ಹಿಮ್ಮಡಿ ನೋಯಿಸಬಲ್ಲದು.

ಕೊಚ್ಚಿ, ತಿರುವನಂತಪುರ

ಕೊಚ್ಚಿ ಸಮತಟ್ಟಾದ ಊರು. ಎರ್ನಾಕುಳಂನ ದಟ್ಟಣೆಯಲ್ಲಿ 350 ಸಾಕು. 500ರ ಬಿಸಿ ತೊಡೆಗೆ ತಟ್ಟುತ್ತದೆ. ನೇರ್ಯಮಂಗಲಂ ಸೇತುವೆ ದಾಟಿ ಅಡಿಮಾಲಿ, ಮುನ್ನಾರ್ ಕಡೆ ಏರತೊಡಗಿದರೆ ಲೆಕ್ಕ ಬದಲಾಗುತ್ತದೆ. ಹಿಂದೆ ಒಬ್ಬರು ಕೂತು ಸಾಮಾನೂ ಇದ್ದಾಗ 350 ಗೇರ್ ಇಳಿಸಿಕೊಂಡು ಏರುವ ಕಡೆ 500 ಮೇಲಿನ ಗೇರಿನಲ್ಲೇ ಎಳೆಯುತ್ತದೆ. ತಿರುವನಂತಪುರವೇ ಏರಿಳಿತದ ನಗರ. ಅಲ್ಲಿಂದ ಪೊನ್ಮುಡಿಗೆ ಹೋಗುವಾಗ ಕಲ್ಲಾರ್ ನಂತರ 22 ಹೇರ್‌ಪಿನ್ ತಿರುವುಗಳಿವೆ. ಅಂಥ ತಿರುವಿನಿಂದ ಹೊರಬರುವ ಕ್ಷಣದಲ್ಲೇ 500ರ ಹೆಚ್ಚಿನ ಟಾರ್ಕ್ ಕೈಗೆ ಸಿಗುತ್ತದೆ.

ಕಾನೂನು, ತೆರಿಗೆ

2017ರ ಜಿಎಸ್‌ಟಿ 350 ಸಿಸಿ ದಾಟಿದ ಗಾಡಿಗಳಿಗೆ ಶೇ. 3 ಸೆಸ್ ಸೇರಿಸಿತು. 2020ರಲ್ಲಿ, ಬಿಎಸ್-6 ನಿಯಮದ ಹೊತ್ತಿಗೆ, ಭಾರತದಲ್ಲಿ 500ರ ಮಾರಾಟ ನಿಂತಿತು. ಹೊಸ 350ರ ಬೋರ್ 72, ಸ್ಟ್ರೋಕ್ 85.8 ಮಿ.ಮೀ.; ಹಳೆಯ ಅಳತೆಯೂ ಹೋಯಿತು. 2025ರ ಸೆಪ್ಟೆಂಬರ್‌ನಿಂದ 350 ಸಿಸಿವರೆಗೆ ಶೇ. 18, ಅದರ ಮೇಲೆ ಶೇ. 40 ತೆರಿಗೆ ಇದೆ.

ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಹೊರನೋಟಕ್ಕೆ 350 ಮತ್ತು 500 ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಂಜಿನ್ ಬದಲಿಸಿದ್ದರೂ ಸುಲಭವಾಗಿ ತಿಳಿಯದು; ಹೀಗಾಗಿ ಹಳೆಯ 500 ಕೊಳ್ಳುವವರು ಎಂಜಿನ್ ಸಂಖ್ಯೆಯನ್ನೂ ಸಿಸಿಯನ್ನೂ ಆರ್‌ಸಿಯೊಂದಿಗೆ ತಾಳೆ ನೋಡುವುದು ಅಗತ್ಯ.