ಹೊದಿಕೆಯ ಅಂಚು: ನಮ್ಮ ಸೀಮೆಯ ಬಟ್ಟೆಯ ಕಥೆ

ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳದ ಬಗ್ಗೆ ಬರೆಯೋ ಜಾಗದಲ್ಲಿ ಇವತ್ತು ಹೊದಿಕೆಯ ಅಂಚಿನ ಬಗ್ಗೆ ಬರೀತಿದ್ದೀನಿ. ನಗಬೇಡಿ, ಪೂರ್ತಿ ಓದಿ. ಹಳೇ ಸೀರೆ, ಪಂಚೆಗಳನ್ನ ಒಂದರ ಮೇಲೊಂದು ಹಾಸಿ ಕೈಯಲ್ಲಿ ಹೊಲಿದ ಹೊದಿಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ಒಂದಾದರೂ ಇದೆ. ಅದರ ನಡುವಿನ ಬಟ್ಟೆ ಏನು ಬೇಕಾದರೂ ಆಗಿರಬಹುದು. ಆದರೆ ಸುತ್ತ ಕಟ್ಟಿರೋ ಅಂಚನ್ನ ಮನೆಯ ಹೆಂಗಸರು ಆರಿಸಿಯೇ ಹಾಕಿರ್ತಾರೆ. ಆ ಕಾಲದಲ್ಲಿ ಮನೇಲಿದ್ದ ಅತಿ ಗಟ್ಟಿ ಬಟ್ಟೆ ಯಾವುದೋ ಅದೇ ಅಂಚಿಗೆ ಹೋಗ್ತಿತ್ತು. ಹಾಗಾಗಿ ಹಳೇ ಹೊದಿಕೆಯ ಅಂಚು ನೋಡಿದರೆ ನಮ್ಮ ಸೀಮೆಯ ನೂರು ವರ್ಷದ ಬಟ್ಟೆಯ ಕಥೆ ಸಿಗ್ತದೆ.

ಅಂಚಿಗೆ ಯಾಕೆ ಗಟ್ಟಿ ಬಟ್ಟೆ? ಹೊದಿಕೆ ಮೊದಲು ಹರಿಯೋದೇ ಅಂಚಲ್ಲಿ. ರಾತ್ರಿಯೆಲ್ಲ ಎಳೆಯೋದು ಅಂಚನ್ನೇ, ಒಗೆಯುವಾಗ ಹಿಡಿದು ಬಡಿಯೋದೂ ಅಂಚನ್ನೇ. ಅಂಚು ಬಿಟ್ಟರೆ ಒಳಗಿನ ಪದರಗಳು ಒಂದೊಂದೇ ಕಳಚಿಕೊಳ್ತಾವೆ. ನಮ್ಮ ದೊಡ್ಡವ್ವ ಇದನ್ನ ರೈತರಿಗೆ ಅರ್ಥ ಆಗೋ ಹಾಗೇ ಹೇಳ್ತಾರೆ: "ಬದ ಇಲ್ಲದ ಹೊಲ, ಅಂಚಿಲ್ಲದ ಹೊದ್ಕೆ, ಎರಡೂ ಒಂದೆಯ ಕಣಪ್ಪ." ಬದು ಒಡೆದರೆ ಮಣ್ಣು ಹೋಗ್ತದೆ, ಅಂಚು ಒಡೆದರೆ ಹೊದಿಕೆ ಹೋಗ್ತದೆ.

ಇದಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಉತ್ತರ ಕರ್ನಾಟಕದಲ್ಲಿ ಕೌದಿ. ನಮ್ಮಲ್ಲಿ ಹಿರಿಯರು ಬೊಂತೆ ಅಂತಾರೆ, ಹುಡುಗರು ಸೀರೆ ರಗ್ಗು ಅಂತಾರೆ. ಕಂತೆ ಅನ್ನೋ ಮಾತು ಇನ್ನೂ ಹಳೇದು. ಸಂಸ್ಕೃತದ ಕಂಥಾ ಅಂದರೆ ಚಿಂದಿ ಜೋಡಿಸಿ ಹೊಲಿದ ಬಟ್ಟೆ, ಜೋಗಿ-ಸನ್ಯಾಸಿಗಳು ಹೊದೀತಿದ್ದದ್ದು. ಬಂಗಾಳದ ಹೆಸರಾಂತ ಕಾಂತಾ ಕಸೂತಿಗೂ ಅದೇ ಮೂಲ. ಅಲ್ಲಿನ ಹೆಂಗಸರು ಹಳೇ ಸೀರೆಯ ಅಂಚಿನಿಂದ ಬಣ್ಣದ ಎಳೆ ಬಿಡಿಸಿಕೊಂಡು, ಅದೇ ಎಳೆಯಿಂದ ಹೊದಿಕೆ ಮೇಲೆ ಹೂವು ಬಳ್ಳಿ ಹೊಲೀತಿದ್ದರು. ಸೀರೆಯ ಪ್ರಾಣ ಅಂಚಲ್ಲಿದೆ ಅನ್ನೋದು ಅವರಿಗೂ ಗೊತ್ತಿತ್ತು.

ನಮ್ಮ ಕಡೆ ಚಳಿಗೆ ಮೊದಲಿನಿಂದ ಇದ್ದದ್ದು ಕುರಿ ಉಣ್ಣೆಯ ಕಂಬಳಿ. ಬ್ರಿಟಿಷರ ಕಾಲದಲ್ಲಿ ಹುಣಸೂರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ತಯಾರಿಸೋ ಕೆಲಸವೂ ಇಲ್ಲಿ ನಡೀತಿತ್ತು. ಕಂಬಳಿ ಮಳೆಗೂ ಆಗ್ತದೆ, ಹೊಲದ ಕಾವಲಿಗೂ ಆಗ್ತದೆ. ಆದರೆ ಮೈಗೆ ಚುಚ್ಚುತ್ತದೆ. ಬಾಣಂತಿಗೆ, ಮಗುವಿಗೆ, ವಯಸ್ಸಾದವರಿಗೆ ಮೆತ್ತಗಿನದು ಬೇಕು. ಸೀರೆ ಹೊದಿಕೆ ಹುಟ್ಟಿದ್ದು ಆ ಅಗತ್ಯಕ್ಕೆ. ಕಪ್ಪಡಿ ಜಾತ್ರೆ, ಚುಂಚನಕಟ್ಟೆ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವಾಗ ಹುಲ್ಲಿನ ಮೇಲೆ ಕಂಬಳಿ, ಅದರ ಮೇಲೆ ಸೀರೆ ಹೊದಿಕೆ ಹಾಸ್ತಿದ್ದರು ಅಂತ ನಮ್ಮ ಅಜ್ಜಿ ಹೇಳೋರು.

ಅಜ್ಜಿ ಕಾಲದ ಸೀರೆ ಕೈಮಗ್ಗದ ಹತ್ತಿ ಸೀರೆ, ಎಂಟು ಗಜದ್ದು. ಇಲ್ಲಿ ಒಂದು ಲೆಕ್ಕ ನೋಡಿ. ದೊಡ್ಡವರ ಹೊದಿಕೆ ಐದು ಅಡಿ ಅಗಲ, ಏಳು ಅಡಿ ಉದ್ದ. ಸುತ್ತಳತೆ 24 ಅಡಿ. ಎಂಟು ಗಜ ಅಂದರೂ 24 ಅಡಿಯೇ. ಒಂದು ಸೀರೆಯ ಒಂದು ಅಂಚು ಒಂದು ಹೊದಿಕೆಯ ಸುತ್ತಳತೆಗೆ ಸರಿಹೋಗ್ತದೆ. ಮೂಲೆ ಮಡಿಸೋಕೆ, ಜೋಡಿಸೋಕೆ ಬೇಕಾದ ಒಂದಡಿಯನ್ನ ಇನ್ನೊಂದು ಅಂಚಿನಿಂದ ತಗೊಂಡರಾಯಿತು. ಈಗಿನ ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ. ಒಂದು ಅಂಚು ಪೂರ್ತಿ ಸುತ್ತಳತೆಗೆ ಸಾಲದು, ಎರಡನ್ನೂ ಬಿಚ್ಚಬೇಕು.

ಮೈಸೂರು ಸಂಸ್ಥಾನದಲ್ಲಿ ಬಟ್ಟೆ ಗಿರಣಿ ಶುರುವಾದದ್ದು ಹತ್ತೊಂಬತ್ತನೇ ಶತಮಾನದ ಕೊನೇಲಿ. ಆಮೇಲೆ ಬಿನ್ನಿ ಮಿಲ್ ಅಂತ ಹೆಸರಾದ ಬೆಂಗಳೂರಿನ ಉಣ್ಣೆ-ಹತ್ತಿ-ರೇಷ್ಮೆ ಗಿರಣಿ ಶುರುವಾದದ್ದು 1884ರಲ್ಲಿ. ಗಿರಣಿಯ ಪಂಚೆ, ಮಲ್ಲು ಬಟ್ಟೆ ಸಂತೆಗೆ ಬಂದ ಮೇಲೆ ಹೊದಿಕೆಯ ಒಳಪದರಕ್ಕೆ ಬಟ್ಟೆ ಧಾರಾಳವಾಯಿತು. ಅಂಚಿಗೆ ಮಾತ್ರ ಮಗ್ಗದ ಸೀರೆಯದೇ. ಗಿರಣಿಯ ತೆಳು ಬಟ್ಟೆ ನಾಲ್ಕು ಒಗೆತಕ್ಕೆ ಬಾಯಿ ಬಿಡ್ತದೆ ಅನ್ನೋದು ಹೆಂಗಸರ ಅನುಭವ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಬರ ಬಂತು. 1943ರಲ್ಲಿ ಭಾರತ ಸರ್ಕಾರ ಹತ್ತಿ ಬಟ್ಟೆ, ನೂಲಿನ ಮೇಲೆ ಕಂಟ್ರೋಲ್ ತಂದಿತು. ನಮ್ಮ ಹಿರಿಯರು "ಕಂಟ್ರೋಲ್ ಕಾಲ" ಅಂತ ಹೇಳ್ತಿದ್ದದ್ದು ಇದನ್ನೇ. ನಮ್ಮ ಮನೇಲಿ ಆ ಕಾಲದ್ದು ಅಂತ ಇಟ್ಟುಕೊಂಡಿರೋ ಒಂದು ಹೊದಿಕೆ ಇದೆ. ಅದರ ಅಂಚು ಎಣಿಸಿದರೆ ಹನ್ನೊಂದು ತುಂಡು. ಯಾವುದೂ ಒಂದು ಮೊಳಕ್ಕಿಂತ ಉದ್ದ ಇಲ್ಲ. ಪಂಚೆಯ ಕರೆ, ರವಿಕೆಯ ತೋಳು, ಟವೆಲ್ಲಿನ ತುದಿ, ಸಿಕ್ಕಿದ್ದೆಲ್ಲ ಅದರಲ್ಲಿದೆ. ಆದರೂ ತಲೆ ಕಡೆಗೆ ಒಂದೇ ಬಣ್ಣ ಬರೋ ಹಾಗೆ ನೋಡಿಕೊಂಡಿದ್ದಾರೆ. ಅಷ್ಟು ಕಷ್ಟದಲ್ಲೂ ಯಾವ ತುಂಡು ಎಲ್ಲಿಗೆ ಅಂತ ಯೋಚನೆ ಮಾಡಿದ್ದಾರೆ.

ತಲೆ ಕಡೆ, ಕಾಲು ಕಡೆ ಅನ್ನೋದು ಮುಖ್ಯ. ತಲೆ ಕಡೆ ಅಂಚು ಮುಖಕ್ಕೆ ತಾಗ್ತದೆ, ಅಲ್ಲಿಗೆ ಸವೆದು ಮೆತ್ತಗಾದ ಹತ್ತಿ. ಕಾಲು ಕಡೆಗೆ ಒರಟಾದರೂ ಗಟ್ಟಿ ಬಟ್ಟೆ. ಎರಡಕ್ಕೂ ಬೇರೆ ಬೇರೆ ಬಣ್ಣ ಹಾಕಿದರೆ ಕತ್ತಲಲ್ಲಿ ಬುಡ್ಡಿ ದೀಪದ ಬೆಳಕಿಗೂ ತಿಳೀತದೆ, ಕಾಲಿನ ತುದಿ ಮುಖಕ್ಕೆ ಬರೋದಿಲ್ಲ.

1961ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಟಿಬೆಟ್ಟಿನವರು ಬಂದರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಕ್ಯಾಂಪ್ ಆಯಿತು. ಅವರ ಜೊತೆಗೆ ಉಣ್ಣೆ ಜಮಖಾನ ನೇಯೋ ವಿದ್ಯೆ, ಸ್ವೆಟರ್ ವ್ಯಾಪಾರ ನಮ್ಮ ಸೀಮೆಗೆ ಬಂತು. ಬೈಲುಕುಪ್ಪೆ ಗೋಲ್ಡನ್ ಟೆಂಪಲ್ಲಿಗೆ ಹೋದವರು ಗೋಡೆಗೆ ತೂಗುಹಾಕಿರೋ ದೇವರ ಚಿತ್ರಗಳನ್ನ ನೋಡಿರ್ತೀರಿ, ತಂಗ್ಕಾ ಅಂತಾರೆ. ಚಿತ್ರದ ಸುತ್ತ ಮೊದಲು ಕೆಂಪು, ಹಳದಿಯ ಸಣ್ಣ ಪಟ್ಟಿ, ಆಮೇಲೆ ಅಗಲವಾದ ರೇಷ್ಮೆ ಅಂಚು. ಆ ಅಂಚು ಚಿತ್ರಕ್ಕೆ ಕೊಡೋ ಮರ್ಯಾದೆ, ಜೊತೆಗೆ ಸುರುಳಿ ಸುತ್ತಿ ಇಡುವಾಗ ಅದಕ್ಕೆ ಕಾಪು. ಊರು ಬಿಟ್ಟು ಬಂದವರು ಅಂಚಿನ ಬಟ್ಟೆ ಆರಿಸೋದನ್ನ ಬಿಡಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರದ್ದೂ ಹೀಗೇ. ಆಫ್ರಿಕಾದಿಂದ ಬಂದವರ ಸಂತತಿ ಅವರು. ಅವರ ಹೊದಿಕೆಗೆ ಕವಂದಿ ಅಂತ ಹೆಸರು. ನಾವು ನಡುವಿನಿಂದ ಹೊಲಿದು ಕೊನೆಗೆ ಅಂಚು ಕಟ್ಟುತ್ತೀವಿ. ಅವರು ಮೂಲೆ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನ ಮುಕ್ಕೋಣವಾಗಿ ಮಡಿಸಿ ಇಡ್ತಾರೆ, ಅದಕ್ಕೆ ಹೂವು ಅನ್ನೋ ಅರ್ಥದ ಫೂಲ ಅಂತ ಹೆಸರು. ಅದಿಲ್ಲದಿದ್ದರೆ ಹೊದಿಕೆ ಬೆತ್ತಲೆ ಇದ್ದಂಗೆ ಅನ್ನೋದು ಅವರ ಮಾತು.

ಈಗ ನಮ್ಮದೇ ಕಾಲಕ್ಕೆ ಬರೋಣ. ಕರ್ನಾಟಕದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾದದ್ದು 1984ರಲ್ಲಿ. ಬೆಳೆಗಾರರ ಕೈಗೆ ಒಟ್ಟಿಗೆ ದುಡ್ಡು ಬರತೊಡಗಿತು. ಅದರ ಮಾರನೇ ವರ್ಷ, 1985ರಲ್ಲಿ, ಕೇಂದ್ರ ಸರ್ಕಾರ ಹೊಸ ಜವಳಿ ನೀತಿ ತಂದು ಪಾಲಿಯೆಸ್ಟರಿನಂಥ ನೂಲಿಗೆ ದಾರಿ ಸಲೀಸು ಮಾಡಿತು. ಒಂದು ಕಡೆ ಕೈಯಲ್ಲಿ ಕಾಸು, ಇನ್ನೊಂದು ಕಡೆ ಮಾಸದ, ಇಸ್ತ್ರಿ ಕೇಳದ, ಬೇಗ ಒಣಗೋ ಸೀರೆ. ಯಾರು ಬೇಡ ಅಂತಾರೆ? ಸೊಪ್ಪು ಮುರಿದು ಅಂಟು ಕೈಯಲ್ಲಿ ಮನೆಗೆ ಬರೋ ಹೆಂಗಸರಿಗೆ ಒಗೆಯೋಕೆ ಸಲೀಸಾದ ಸೀರೆ ದೊಡ್ಡ ಉಪಕಾರವೇ. ಹತ್ತೇ ವರ್ಷದಲ್ಲಿ ಪೆಟ್ಟಿಗೆಯೊಳಗಿನ ಸೀರೆ ಬದಲಾಯಿತು. ಪೆಟ್ಟಿಗೆ ಬದಲಾದ ಮೇಲೆ ಹೊದಿಕೆಯೂ ಬದಲಾಯಿತು.

ಪಾಲಿಯೆಸ್ಟರ್ ಗಟ್ಟಿ ಹೌದು. ಆದರೆ ಹತ್ತಿ ಹೊದಿಕೆಗೆ ಅದರ ಅಂಚು ಕೂರೋದಿಲ್ಲ. ನೀರಿಗೆ ಬಿದ್ದರೆ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗೋದಿಲ್ಲ. ಒಗೆದ ಮೇಲೆ ಅಂಚು ಅಲೆ ಅಲೆಯಾಗಿ ಏಳ್ತದೆ, ಹೊಲಿಗೆ ಮೇಲೆ ಭಾರ ಬಿದ್ದು ಎಳೆ ಕಿತ್ತುಬರ್ತದೆ. ಇನ್ನೊಂದು ವಿಷಯ ನಮ್ಮಂಥ ಬೆಳೆಗಾರರಿಗೆ ಇನ್ನೂ ಮುಖ್ಯ. ಬ್ಯಾರನ್ ಉರಿಸೋ ಕಾಲದಲ್ಲಿ ನಾವು ರಾತ್ರಿ ಒಲೆ ಬಾಯಿ ಹತ್ತಿರವೇ ಮಲಗ್ತೀವಿ. ಕಿಡಿ ಹಾರಿದರೆ ಹತ್ತಿ ಕರಕಲಾಗಿ ಹೊಗೆಯಾಡ್ತದೆ, ವಾಸನೆಗೆ ಎಚ್ಚರ ಆಗ್ತದೆ, ಕೈಯಲ್ಲಿ ತಟ್ಟಿ ಆರಿಸಬಹುದು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ತದೆ. ಅದಕ್ಕೇ ಬ್ಯಾರನ್ನಿಗೆ ತಗೊಂಡು ಹೋಗೋ ಹೊದಿಕೆಯಲ್ಲಿ ಪಾಲಿಯೆಸ್ಟರ್ ಇರಲೇಬಾರದು. ಮುಖದ ಹತ್ತಿರ ಬರೋ ಅಂಚಿನಲ್ಲಂತೂ ಬೇಡವೇ ಬೇಡ.

ದೊಡ್ಡವ್ವ ಅಂಚಿನ ಬಟ್ಟೆ ಆರಿಸೋ ಕ್ರಮ ಹೀಗೆ. ನಿಮ್ಮ ಮನೇಲೂ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಎಳೆ ಕಿತ್ತು ದೀಪಕ್ಕೆ ಹಿಡೀತಾರೆ. ಕಾಗದ ಸುಟ್ಟ ವಾಸನೆ, ಬೂದಿ ಉದುರಿದರೆ ಹತ್ತಿ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಆಮೇಲೆ ಬಟ್ಟೆಯನ್ನ ಬೆಳಕಿಗೆ ಹಿಡಿದು ಎರಡೂ ಕೈಯಲ್ಲಿ ಎಳೀತಾರೆ. ಎಳೆಗಳ ನಡುವೆ ಬೆಳಕು ಬಿಟ್ಟರೆ ಅದು ಒಳಪದರಕ್ಕೆ. ಸೀರೆಯ ಎರಡು ಅಂಚೂ ಒಂದೇ ಅಲ್ಲ. ಕೆಳಗಿನದು ನೆಲಕ್ಕೆ ಉಜ್ಜಿ ಸವೆದಿರ್ತದೆ. ಮೇಲಿನದು ಸೊಂಟಕ್ಕೆ ಸಿಕ್ಕಿಸಿದ್ದು, ಹೆಚ್ಚಾಗಿ ಹೊಸದರ ಹಾಗೇ ಇರ್ತದೆ. ಜರಿ ಅಂಚು ಮಗುವಿನ ಹೊದಿಕೆಗೆ ಬೇಡ, ಚುಚ್ಚುತ್ತದೆ. ಕೆಂಪು, ಕಡುನೀಲಿ ಬಟ್ಟೆ ಬಣ್ಣ ಬಿಡುತ್ತಾ ಅಂತ ನೋಡೋಕೆ ಅದನ್ನ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡ್ತಾರೆ. ಹೊಸ ಹತ್ತಿ ಬಟ್ಟೆಯಾದರೆ ಎರಡು ಸಲ ನೆನೆಸಿ ಒಣಗಿಸಿದ ಮೇಲೇ ಕತ್ತರಿ. ನಮ್ಮ ಮನೆಯ ಎರಡು ಹೊದಿಕೆಗೆ ಮಕ್ಕಳ ಸರ್ಕಾರಿ ಶಾಲೆಯ ನೀಲಿ ಯೂನಿಫಾರಂ ಬಟ್ಟೆಯೇ ಕಾಲು ಕಡೆ ಅಂಚು.

ಮಗಳ ಬಾಣಂತನಕ್ಕೆ ಈ ಸಲ ಒಂದು ಮಗುವಿನ ಹೊದಿಕೆ ಬೇಕಾಯಿತು. ಅವ್ವ ತೀರಿಕೊಂಡು ಮೂರು ವರ್ಷ. ಅವರ ಪೆಟ್ಟಿಗೇಲಿದ್ದದ್ದು ಒಂಬತ್ತು ಸೀರೆ. ದೊಡ್ಡವ್ವ ಎಳೆ ಸುಟ್ಟು ನೋಡಿದಾಗ ಹತ್ತಿ ಸೀರೆ ಅಂತ ಸಿಕ್ಕಿದ್ದು ಒಂದೇ, ಹಸಿರು ಒಡಲು, ಕೆಂಪು ಅಂಚಿನದು. ನನ್ನ ತಂಗಿ ಅದಕ್ಕೆ ಕತ್ತರಿ ಹಾಕೋದು ಬೇಡವೇ ಬೇಡ ಅಂದಳು. ಅವಳು ಹೇಳೋದೂ ನ್ಯಾಯವೇ, ಅವ್ವನ ಹತ್ತಿ ಸೀರೆ ಅಂತ ಉಳಿದಿದ್ದು ಅದೊಂದೇ. ಎರಡು ದಿನ ಮನೇಲಿ ಮಾತಿಲ್ಲ. ಕೊನೆಗೆ ದೊಡ್ಡವ್ವ ಅಳತೆ ಹಿಡಿದರು. ಮಗುವಿನ ಹೊದಿಕೆ ಮೂರು ಅಡಿಗೆ ನಾಲ್ಕು ಅಡಿ, ಸುತ್ತಳತೆ 14 ಅಡಿ. ಮೇಲಿನ ಅಂಚು ಒಂದೇ ಸಾಕು. ಅವ್ವ ಸೊಂಟಕ್ಕೆ ಸಿಕ್ಕಿಸ್ತಿದ್ದ ಆ ಅಂಚನ್ನ ಮಾತ್ರ ಬಿಡಿಸಿ, ಒಡಲು, ಸೆರಗು, ಕೆಳಗಿನ ಅಂಚು ಹಾಗೇ ಮಡಿಸಿ ತಂಗಿ ಕೈಗೆ ಕೊಟ್ಟರು. ಒಳಪದರಕ್ಕೆ ನಮ್ಮಪ್ಪನ ಪಂಚೆಗಳಾದವು.

ಒಂಬತ್ತರಲ್ಲಿ ಒಂದು. ಈ ಲೆಕ್ಕ ನನ್ನ ತಲೇಲಿ ಕೂತುಬಿಟ್ಟಿದೆ. ಎಚ್.ಡಿ.ಕೋಟೆ, ಸರಗೂರು ಸೀಮೆಯಲ್ಲಿ ನಾವೇ ಹತ್ತಿ ಬೆಳೀತೀವಿ. ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಅನ್ನೋ ಉದ್ದೆಳೆಯ ಹೈಬ್ರಿಡ್ ಹತ್ತಿ ಬಂದವು, 2002ರಲ್ಲಿ ಬಿಟಿ ಬಂತು. ಲಾರಿಗಟ್ಟಲೆ ಹತ್ತಿ ಇಲ್ಲಿಂದ ಆಚೆಗೆ ಹೋಗ್ತದೆ. ನಮ್ಮ ಮಕ್ಕಳು ಹೊದೆಯೋದು ಪಾಲಿಯೆಸ್ಟರ್ ರಗ್ಗು. ಇನ್ನು ಇಪ್ಪತ್ತು ವರ್ಷಕ್ಕೆ ಹೊದಿಕೆ ಹೊಲಿಯೋ ಕೈ ಉಳಿದರೂ ಅಂಚಿಗೆ ಹಾಕೋಕೆ ಹಳೇ ಹತ್ತಿ ಸೀರೆ ಪೆಟ್ಟಿಗೇಲಿ ಇರೋದಿಲ್ಲ.

ಆದ್ದರಿಂದ ನನ್ನದು ಎರಡೇ ಮಾತು. ಮನೇಲಿ ಹಳೇ ಹತ್ತಿ ಸೀರೆ, ಪಂಚೆ ಇದ್ದರೆ ಟ್ರ್ಯಾಕ್ಟರ್ ಒರೆಸೋಕೆ ಹಾಕಬೇಡಿ. ಅಂಚನ್ನಾದರೂ ಬಿಡಿಸಿ, ಬೇವಿನ ಸೊಪ್ಪಿನ ಜೊತೆ ಸುತ್ತಿಡಿ. ಹೊಲಿಯೋದು ಗೊತ್ತಿರೋ ಅಜ್ಜಿ, ಅತ್ತೆ, ದೊಡ್ಡವ್ವ ಇದ್ದರೆ ಈ ಚಳಿಗಾಲದಲ್ಲೇ ಪಕ್ಕದಲ್ಲಿ ಕೂತು ಒಂದು ಹೊದಿಕೆ ಹೊಲಿಸಿ, ಯಾವ ಬಟ್ಟೆ ಯಾಕೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮೂರಲ್ಲಿ ಇದಕ್ಕೆ ಏನಂತ ಹೆಸರು, ಅಂಚಿಗೆ ಏನು ಹಾಕ್ತಿದ್ದರು ಅನ್ನೋದನ್ನ ನನಗೂ ತಿಳಿಸಿ.