ಸರಾಸರಿಗಿಂತ ಮೊದಲು ಹರವು: ಕೋಲಾರದ ಚಿನ್ನದ ಗಣಿ, ಬಂಗಾರಪೇಟೆ ಮತ್ತು ವೆಲ್ಚ್ ಪರೀಕ್ಷೆ

ಎರಡು ಊರುಗಳ ಉಚ್ಚಾರಣೆಯನ್ನು ಅಳೆದು ಸರಾಸರಿಗಳನ್ನು ಹೋಲಿಸುವಾಗ ಮೊದಲು ನೆನಪಾಗುವುದು ‘ಸ್ಟೂಡೆಂಟ್’ ಟಿ-ಪರೀಕ್ಷೆ. ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆಯಲ್ಲಿದ್ದ ವಿಲಿಯಂ ಗಾಸೆಟ್ ಆ ಗುಪ್ತನಾಮದಲ್ಲಿ 1908ರಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದ ಈ ಪರೀಕ್ಷೆಯ ರೂಢಿಯ ರೂಪವು ಎರಡೂ ಗುಂಪುಗಳ ಹರವು ಸಮಾನವೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಈ ಗೃಹೀತಕ್ಕೆ ಚರಿತ್ರೆಯೇ ಅಡ್ಡ ಬರುತ್ತದೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಬೆಳೆದಂತೆ ಉತ್ತರ ಆರ್ಕಾಟ್ ಮುಂತಾದ ಕಡೆಗಳಿಂದ ತಮಿಳು, ತೆಲುಗು ಮನೆಮಾತಿನ ಕಾರ್ಮಿಕರು ಬಂದು ನೆಲೆಸಿದರು. ಅಲ್ಲಿ ಕನ್ನಡ ಕೆಲವರಿಗೆ ಮನೆಮಾತು, ಕೆಲವರಿಗೆ ಶಾಲೆಯ ಪಾಠ, ಮತ್ತೆ ಕೆಲವರಿಗೆ ಕಚೇರಿ, ಸಂತೆಗಳ ಬಳಕೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ನಿತ್ಯ ರೈಲಿನಲ್ಲಿ ದುಡಿಯಲು ಹೋಗುವವರ ಕನ್ನಡ ಇನ್ನೊಂದು ಬಗೆ. ಬಂಗಾರಪೇಟೆಯೂ ಏಕಭಾಷಿಕ ಊರಲ್ಲ. ಆದರೆ ಹರವು ಗಣಿಯಲ್ಲೇ ಹೆಚ್ಚೆಂದು ನಿರೀಕ್ಷಿಸಲು ಕಾರಣವಿದೆ. ಮಹಾಪ್ರಾಣವನ್ನೇ ನೋಡಬಹುದು: ತಮಿಳು ಲಿಪಿಯಲ್ಲಿ ಅದಕ್ಕೆ ಪ್ರತ್ಯೇಕ ಅಕ್ಷರವೇ ಇಲ್ಲ.

ಒಂದು ಕಲ್ಪಿತ ಲೆಕ್ಕ. ಮಹಾಪ್ರಾಣದ ಉಸಿರಿನ ಅವಧಿಯಲ್ಲಿ ಬಂಗಾರಪೇಟೆಯ 40 ಭಾಷಿಕರ ಮಾನಕ ವಿಚಲನೆ 10 ಮಿಲಿಸೆಕೆಂಡ್, ಗಣಿಯ 10 ಭಾಷಿಕರದು 30, ಸರಾಸರಿಗಳ ಅಂತರ 15 ಎಂದಿರಲಿ. ಹರವುಗಳನ್ನು ಬೆರೆಸಿದರೆ ಟಿ ಬೆಲೆ 2.68, ಸ್ವಾತಂತ್ರ್ಯಾಂಶ 48. ಶೇ. 5ರ ಮಟ್ಟದಲ್ಲಿ ಭೇದ ಸಿದ್ಧವಾದಂತೆ ಕಾಣುತ್ತದೆ. ಬೆರೆಸದೆ ಲೆಕ್ಕ ಹಾಕಿದರೆ ಟಿ 1.56ಕ್ಕೆ, ಸ್ವಾತಂತ್ರ್ಯಾಂಶ ಸುಮಾರು 9.5ಕ್ಕೆ ಇಳಿಯುತ್ತದೆ, ಭೇದ ಸಿದ್ಧವಾಗುವುದಿಲ್ಲ. ಚಿಕ್ಕ ಗುಂಪಿನ ದೊಡ್ಡ ಹರವನ್ನು ದೊಡ್ಡ ಗುಂಪಿನ ಸಂಖ್ಯಾಬಲ ಮುಚ್ಚಿಹಾಕಿತ್ತು.

ಈ ತೊಡಕನ್ನು 1929ರಲ್ಲಿ ಬೆಹ್ರೆನ್ಸ್, 1935ರಲ್ಲಿ ಫಿಶರ್ ಎತ್ತಿಕೊಂಡರು. ಅವರ ಪರಿಹಾರಕ್ಕೆ ಬೇಕಾದ ಕೋಷ್ಟಕಗಳನ್ನು ಪಿ.ವಿ. ಸುಖಾತ್ಮೆ 1938ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿವಾದದ ಈ ಭಾರತೀಯ ಎಳೆಯನ್ನು ನಮ್ಮ ವಿಧಾನಶಾಸ್ತ್ರದ ಪಾಠಗಳು ನೆನೆಯಬೇಕು. ಫಿಶರನ ತರ್ಕದ ಬಗ್ಗೆ ಜಗಳ ನಿಲ್ಲಲಿಲ್ಲ. ಬಳಕೆಯಲ್ಲಿ ಗೆದ್ದದ್ದು ಬಿ.ಎಲ್. ವೆಲ್ಚ್ 1938 ಮತ್ತು 1947ರ ಲೇಖನಗಳಲ್ಲಿ ರೂಪಿಸಿದ ಸನ್ನಿಹಿತ ವಿಧಾನ.

ಹರವು ಸಮಾನವೇ ಎಂದು ಮೊದಲು ಪರೀಕ್ಷಿಸಿ, ಅನಂತರ ವಿಧಾನವನ್ನು ಆರಿಸುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಸಣ್ಣ ಮಾದರಿಯಲ್ಲಿ ಆ ಮೊದಲ ಪರೀಕ್ಷೆಯೇ ದುರ್ಬಲ. ನೇರವಾಗಿ ವೆಲ್ಚ್ ವಿಧಾನವನ್ನು ಬಳಸುವುದು ಲೇಸು. ಆದರೂ ಒಂದೇ ಮನೆಯ ಮೂವರನ್ನು ಮೂರು ಸ್ವತಂತ್ರ ಮಾದರಿಗಳೆಂದು ಎಣಿಸಿದ ದೋಷವನ್ನು ಅದು ತಿದ್ದಲಾರದು. ಗಣಿಯ 30 ಮಿಲಿಸೆಕೆಂಡಿನ ವಿಚಲನೆಯೊಳಗೆ ಮೂರು ಮನೆಮಾತುಗಳು ಅಡಗಿವೆಯೇ ಎಂದು ಬಿಡಿಸಿ ನೋಡಲು ಹತ್ತು ಭಾಷಿಕರು ಸಾಲರು.