ಶಿರಾಡಿ ಘಟ್ಟದ ಮಾರ್ಗ

ಲಿಂಗರಾಜಪುರಕ್ಕೆ ಅನತಿದೂರದಲ್ಲಿ, ಕೃಷ್ಣರಾಜಪುರವನ್ನು ಹಾದು ಕೋಲಾರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯೇ ಪಡುವಲಿನಲ್ಲಿ ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಟ್ಟವನ್ನಿಳಿದು ಮಂಗಳೂರಿನ ಕರಾವಳಿಯನ್ನು ಸೇರುವುದು. ಘಟ್ಟದ ಹಾದಿಯನ್ನು ಕಾಯುವ ಚಿಂತೆ ಹೊಸದಲ್ಲ. ಕರಾವಳಿಯಿಂದ ಮೇಲೇರುವ ದಾರಿಯ ರಕ್ಷಣೆಗೆಂದೇ ಟೀಪೂ ಸುಲ್ತಾನನು ೧೭೯೨ರಲ್ಲಿ ಸಕಲೇಶಪುರದ ಬಳಿ ನಕ್ಷತ್ರಾಕಾರದ ಮಂಜರಾಬಾದು ಕೋಟೆಯನ್ನು ಕಟ್ಟಿಸಿದನು.

ಅಂದಿನ ಭಯವು ಶತ್ರುಸೈನ್ಯದ್ದು, ಇಂದಿನದು ಮಳೆಗಾಲದ್ದು. ೨೦೧೫ರಲ್ಲಿಯೂ ೨೦೧೮ರಲ್ಲಿಯೂ ತಿಂಗಳುಗಟ್ಟಲೆ ಸಂಚಾರವನ್ನು ನಿಲ್ಲಿಸಿ ಘಟ್ಟದ ಮಾರ್ಗಕ್ಕೆ ಕಾಂಕ್ರೀಟು ಹಾಸಲಾಯಿತು. ಆದರೂ ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ದಾರಿ ಮುಚ್ಚಿತು. ೨೦೨೪ರ ಜುಲೈ ತಿಂಗಳಲ್ಲಿ ಸಕಲೇಶಪುರದ ಸಮೀಪದಲ್ಲಿ ಮತ್ತೆ ಹಾಗೆಯೇ ಆಯಿತು.

ದಾರಿಯ ಹಾಸು ಗಟ್ಟಿಯಾದ ಮಾತ್ರಕ್ಕೆ ಬೆಟ್ಟದ ಮಗ್ಗುಲು ಗಟ್ಟಿಯಾಗದು. ಅಗಲಗೊಳಿಸುವುದಕ್ಕೆಂದು ಕಡಿದ ಇಳಿಜಾರಿಗೆ ಆಧಾರವನ್ನೂ, ಮಳೆಯ ನೀರಿಗೆ ಹರಿವನ್ನೂ ಮೊದಲೇ ಕಲ್ಪಿಸದಿದ್ದರೆ, ನಗರಕ್ಕೂ ಕಡಲಿಗೂ ಇರುವ ಈ ನಂಟು ಮಳೆಗಾಲದಲ್ಲಿ ಪದೇ ಪದೇ ಕಡಿದುಹೋಗುವುದು.